ಮಕ್ಕಳ ಭಯವನ್ನು ಬಿಡಿಸಿದ ಮೇರಿ ಕವರ್ ಜೋನ್ಸ್

ಭಯವು ಜೀವಿಗೆ ಪ್ರಕೃತಿಯು ಕೊಟ್ಟಿರುವ ಕಾವಲು. ಬೆಂಕಿಗೆ, ಹಾವಿಗೆ, ಆಳವಾದ ನೀರಿಗೆ ಅಂಜದವನು ಬಹುಕಾಲ ಬಾಳಲಾರ. ಆದರೆ ಕಾವಲುಗಾರನೇ ಯಜಮಾನನಾಗಿ ಕುಳಿತರೆ ಆ ಮನೆಯ ಗತಿಯೇನು? ಹಗ್ಗವನ್ನು ಹಾವೆಂದು ಬಗೆದು ಬೆದರುವುದು ಒಂದು ಗಳಿಗೆಯ ಮಾತು. ದೀಪ ತಂದರೆ ಆ ಭ್ರಾಂತಿ ಹರಿಯುತ್ತದೆ. ದೀಪ ತಂದರೂ ಹರಿಯದ ಭಯವೊಂದುಂಟು. ಹಗ್ಗವೆಂದು ತಿಳಿದ ಮೇಲೂ ಮೈ ನಡುಗುತ್ತಲೇ ಇರುತ್ತದೆ. ಇಂತಹ ಭಯ ಪುಟ್ಟ ಮಕ್ಕಳನ್ನು ಹಿಡಿದಾಗ ನಮ್ಮ ಹಳ್ಳಿಗಳಲ್ಲಿ ತಾಯಿತ ಕಟ್ಟಿಸುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಗದರಿಸುತ್ತಾರೆ, ಇಲ್ಲವೇ ಪುಕ್ಕಲನೆಂದು ನಗುತ್ತಾರೆ. ಮಗುವಿನ ಭಯವನ್ನು ಯಾವ ಉಪಾಯ ನಿಜವಾಗಿಯೂ ಕಳೆಯುತ್ತದೆ ಎಂಬುದನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿ ನೋಡಿದವರಲ್ಲಿ ಮೊದಲಿಗರು ಅಮೆರಿಕದ ಮೇರಿ ಕವರ್ ಜೋನ್ಸ್. ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಅವರ ಹೆಸರು ಎರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆ ಎರಡು ಸಾಲುಗಳ ಹಿಂದೆ ಒಂದು ದೀರ್ಘವಾದ, ತಾಳ್ಮೆಯ ಬಾಳಿದೆ.

ಮೇರಿ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಪೆನ್ಸಿಲ್ವೇನಿಯಾ ಪ್ರಾಂತದ ಜಾನ್ಸ್‌ಟೌನ್ ಎಂಬ ಊರಿನಲ್ಲಿ. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಹೆಸರಾಗಿದ್ದ ವಾಸರ್ ಕಾಲೇಜಿನಲ್ಲಿ ಓದಿ 1919ರಲ್ಲಿ ಪದವಿ ಪಡೆದರು. ಅಲ್ಲಿ ಮನಶ್ಶಾಸ್ತ್ರವನ್ನು ಕಲಿಸುತ್ತಿದ್ದವರು ಮಾರ್ಗರೆಟ್ ಫ್ಲಾಯ್ ವಾಶ್‌ಬರ್ನ್. ಅಮೆರಿಕದಲ್ಲಿ ಆ ಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ಪ್ರಯೋಗಶಾಲೆಯ ತರಗತಿಯೊಂದರಲ್ಲಿ ಮೇರಿಗೆ ಅಂಕ ಕಡಿಮೆ ಬಂದಿತ್ತೆಂಬ ಕಾರಣದಿಂದ ಆಕೆ ಅವರನ್ನು ಕೊನೆಯ ವರ್ಷದ ವಿಶೇಷ ತರಗತಿಗೆ ಸೇರಿಸಿಕೊಳ್ಳಲಿಲ್ಲ. ಪ್ರಯೋಗಶಾಲೆಯಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿನಿಯೇ ಐದು ವರ್ಷಗಳೊಳಗೆ ಮನಶ್ಶಾಸ್ತ್ರದ ಅತಿ ಪ್ರಸಿದ್ಧ ಪ್ರಯೋಗಗಳಲ್ಲಿ ಒಂದನ್ನು ನಡೆಸಿದರೆಂಬುದನ್ನು ಅಂಕಪಟ್ಟಿ ಹಿಡಿದು ತಲೆತಗ್ಗಿಸುವ ನಮ್ಮಂಥವರು ನೆನಪಿನಲ್ಲಿಡಬೇಕು.

1919ರಲ್ಲಿ ನ್ಯೂಯಾರ್ಕಿನಲ್ಲಿ ಮೇರಿ ಜಾನ್ ವಾಟ್ಸನ್ನರ ಉಪನ್ಯಾಸವೊಂದನ್ನು ಕೇಳಿದರು. ವಾಟ್ಸನ್ನರೂ, ಮೇರಿಯ ಗೆಳತಿ ರೋಸಲಿ ರೇನರಳೂ ಕೂಡಿ ಆಲ್ಬರ್ಟ್ ಎಂಬ ಹಸುಗೂಸಿನ ಮೇಲೆ ನಡೆಸಿದ ಪ್ರಯೋಗದ ವೃತ್ತಾಂತ 1920ರಲ್ಲಿ ಅಚ್ಚಾಯಿತು. ಬಿಳಿ ಇಲಿಯನ್ನು ಕಂಡು ಕೈಚಾಚುತ್ತಿದ್ದ ಆ ಮಗುವಿನ ಬೆನ್ನ ಹಿಂದೆ, ಇಲಿ ಕಂಡಾಗಲೆಲ್ಲ, ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಹೊಡೆದು ಸದ್ದು ಮಾಡಿದರು. ಕೆಲವು ದಿನಗಳಲ್ಲಿ ಮಗು ಇಲಿಯನ್ನು ಕಂಡೊಡನೆಯೇ ಅಳತೊಡಗಿತು. ಭಯವನ್ನು ಕಲಿಸಬಹುದೆಂದು ಸಿದ್ಧವಾಯಿತು. ಆದರೆ ಕಲಿಸಿದ ಭಯವನ್ನು ಬಿಡಿಸುವ ಮೊದಲೇ ಮಗುವನ್ನು ಆಸ್ಪತ್ರೆಯಿಂದ ಕರೆದೊಯ್ದುಬಿಟ್ಟರು. ಶಾಸ್ತ್ರದ ಹೆಸರಿನಲ್ಲಿ ಒಂದು ಕೂಸಿಗೆ ಆದ ಅನ್ಯಾಯವಿದು. ಮೇರಿಯ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆ ಹುಟ್ಟಿತು: ಕಲಿತ ಭಯವನ್ನು ಮರೆಯಿಸಲಾಗದೆ? ಅದೇ ಅವರ ಕೀರ್ತಿಗೆ ಬೀಜವಾಯಿತು.

ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಮುಗಿಸಿ, 1920ರಲ್ಲಿ ಸಹಪಾಠಿ ಹೆರಾಲ್ಡ್ ಜೋನ್ಸರನ್ನು ಮದುವೆಯಾದ ಮೇರಿ, 1923ರಲ್ಲಿ ಅಲ್ಲಿಯೇ ಸಂಶೋಧನೆಗೆ ನಿಂತರು. ಮಕ್ಕಳನ್ನು ತಾತ್ಕಾಲಿಕವಾಗಿ ಇರಿಸಿಕೊಂಡು ಸಾಕುವ ಆಶ್ರಮವೊಂದು ಅವರ ಪ್ರಯೋಗಕ್ಷೇತ್ರವಾಯಿತು. ವಾಟ್ಸನ್ನರು ಶನಿವಾರಗಳಂದು ಬಂದು ಸಲಹೆ ಕೊಡುತ್ತಿದ್ದರು. ಮೂರು ತಿಂಗಳಿನಿಂದ ಏಳು ವರ್ಷದವರೆಗಿನ 70 ಮಕ್ಕಳನ್ನು ಮೇರಿ ಪರೀಕ್ಷಿಸಿದರು. ಭಯಪಡಿಸುವ ವಸ್ತುವನ್ನು ಬಹುದಿನ ಕಣ್ಣಿಗೆ ಬೀಳದಂತೆ ಇಟ್ಟು ನೋಡಿದರು. ಮತ್ತೆ ತೋರಿಸಿದಾಗ ಭಯವೂ ಮರಳಿತು. ಒಳ್ಳೆಯ ಮಾತುಗಳಿಂದ ತಿಳಿಹೇಳಿ ನೋಡಿದರು; ಮೊಲದ ಕತೆಯನ್ನು ಸಂತೋಷವಾಗಿ ಕೇಳಿದ ಮಗು ಮೊಲವನ್ನು ಕಂಡೊಡನೆ ಮೊದಲಿನಂತೆಯೇ ಬೆದರಿತು. ಜೊತೆಯ ಮಕ್ಕಳು ಗೇಲಿಮಾಡಿ ನಕ್ಕರೆ ಭಯ ಕುಗ್ಗುವ ಬದಲು ಬೇರೂರಿತು. ಮನಸ್ಸನ್ನು ಬೇರೆ ಕಡೆ ಸೆಳೆಯುವುದು ಆ ಹೊತ್ತಿಗೆ ಮಾತ್ರ ನೆರವಾಯಿತು. ಕಡೆಗೆ ಎರಡೇ ಉಪಾಯಗಳು ಗೆದ್ದವು. ಭಯದ ವಸ್ತುವನ್ನು ಮಗುವಿಗೆ ಪ್ರಿಯವಾದ ಇನ್ನೊಂದರ ಜೊತೆಗೆ ಸ್ವಲ್ಪಸ್ವಲ್ಪವಾಗಿ ಹತ್ತಿರ ತರುವುದು ಒಂದು; ಭಯವಿಲ್ಲದ ಮಕ್ಕಳನ್ನು ಕಂಡು ಕಲಿಯುವಂತೆ ಮಾಡುವುದು ಇನ್ನೊಂದು. ಎರಡನೆಯದು ಇಕ್ಕಡೆ ಹರಿತವಾದ ಕತ್ತಿ. ಅಳುವ ಮಗುವನ್ನು ಕಂಡು ಅಂಜದ ಮಗುವೂ ಅಂಜುವುದನ್ನು ಕಲಿಯಬಲ್ಲದು.

ಈ ಮಕ್ಕಳಲ್ಲಿ ಪೀಟರ್ ಎಂಬ ಹುಡುಗನ ಕತೆ ಲೋಕವಿಖ್ಯಾತವಾಯಿತು. ಪ್ರಯೋಗ ಆರಂಭವಾದಾಗ ಅವನಿಗೆ ಎರಡು ವರ್ಷ ಹತ್ತು ತಿಂಗಳು. ಚುರುಕಾದ ಮಗು, ಆದರೆ ಬಿಳಿ ಮೊಲ, ಇಲಿ, ತುಪ್ಪಟದ ಕೋಟು, ಗರಿ, ಹತ್ತಿ, ಇವೆಲ್ಲವೂ ಅವನಿಗೆ ಭೂತಗಳು. ಬಡತನದ ಮನೆ, ಅಕ್ಕ ಸತ್ತುಹೋಗಿದ್ದಳು. ಯಾರೋ ಕದ್ದೊಯ್ಯುತ್ತಾರೆಂದು ಹೆದರಿಸಿ ತಾಯಿ ಅವನನ್ನು ಒಳಕ್ಕೆ ಕರೆಯುತ್ತಿದ್ದಳಂತೆ. ಇದನ್ನು ಓದಿದಾಗ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಮಲಗದ ನನಗೆ ಆಕೆ ಗುಮ್ಮನನ್ನು ಕರೆಯುತ್ತಿದ್ದಳು. ನ್ಯೂಯಾರ್ಕಿನ ಬಡ ತಾಯಿಗೂ ಓದುಬರಹ ಬಾರದ ನಮ್ಮ ಅಜ್ಜಿಗೂ ದೊರೆತ ಆಯುಧ ಒಂದೇ. ಇಬ್ಬರಲ್ಲಿಯೂ ಪ್ರೀತಿಗೆ ಕೊರತೆಯಿರಲಿಲ್ಲ. ಬೇರೆ ದಾರಿ ತಿಳಿದಿರಲಿಲ್ಲ, ಅಷ್ಟೆ.

ಮೊದಲು ಪೀಟರನನ್ನು ಮೊಲಕ್ಕೆ ಹೆದರದ ಮೂವರು ಮಕ್ಕಳ ಜೊತೆ ದಿನವೂ ಆಟಕ್ಕೆ ಬಿಟ್ಟರು. ಧೈರ್ಯ ಮೆಲ್ಲಮೆಲ್ಲಗೆ ಚಿಗುರಿತು. ಅಷ್ಟರಲ್ಲಿ ಮಗುವಿಗೆ ಸ್ಕಾರ್ಲೆಟ್ ಜ್ವರ ಬಂದು ಸುಮಾರು ಎರಡು ತಿಂಗಳು ಆಸ್ಪತ್ರೆಯಲ್ಲಿರಬೇಕಾಯಿತು. ಮರಳುವ ದಿನ ದಾದಿಯೊಡನೆ ಟ್ಯಾಕ್ಸಿ ಹತ್ತುತ್ತಿದ್ದಾಗ ದೊಡ್ಡ ನಾಯಿಯೊಂದು ಮೇಲೆ ಹಾರಿತು. ದಾದಿಯೂ ಬೆದರಿದಳು, ಮಗುವೂ ಬೆದರಿತು. ಕಲಿತ ಧೈರ್ಯವೆಲ್ಲ ಹಾರಿಹೋಯಿತು. ಮೇರಿ ಎದೆಗುಂದಲಿಲ್ಲ. ಈ ಬಾರಿ ಪೀಟರನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಅವನಿಗೆ ಇಷ್ಟವಾದ ತಿಂಡಿ ಕೊಟ್ಟರು. ಅವನು ತಿನ್ನುತ್ತಿದ್ದಾಗ ಮೊಲದ ಪಂಜರವನ್ನು ತಿನ್ನುವುದಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿಟ್ಟರು. ದೂರ ದಿನದಿಂದ ದಿನಕ್ಕೆ ಕಿರಿದಾಯಿತು. ಹನ್ನೆರಡು ಅಡಿ ನಾಲ್ಕಾಯಿತು, ನಾಲ್ಕು ಮೂರಾಯಿತು. ಪಂಜರ ಪಕ್ಕಕ್ಕೆ ಬಂತು. ಮೊಲ ಕೋಣೆಯಲ್ಲಿ ಸ್ವೇಚ್ಛೆಯಾಗಿ ಓಡಾಡಿತು. ಒಮ್ಮೆ ಅದರ ಉಗುರು ತಗುಲಿ ಗೀರಿದಾಗ ಪೀಟರ್ ಹಿಮ್ಮೆಟ್ಟಿದರೂ ಬೇಗನೆ ಚೇತರಿಸಿಕೊಂಡ. ಕೊನೆಗೆ ತನ್ನ ಬೆರಳುಗಳನ್ನು ಮೊಲ ಮೆಲ್ಲಗೆ ಕಚ್ಚಿದರೂ ನಗುತ್ತಿದ್ದ. ಹತ್ತಿ, ಗರಿ, ಕೋಟುಗಳ ಭಯವೂ ತಾನಾಗಿ ತೊಲಗಿತು.

ಈ ಉಪಾಯ ಸುಲಭವೆಂದು ಮೇರಿ ಎಲ್ಲಿಯೂ ಹೇಳಲಿಲ್ಲ. ಮೊಲವನ್ನು ಅವಸರದಿಂದ ಹತ್ತಿರ ತಂದರೆ ಮೊಲದ ಭಯ ಹೋಗುವ ಬದಲು ತಿಂಡಿಯ ಮೇಲೆಯೇ ಭಯ ಹುಟ್ಟೀತೆಂದು ಎಚ್ಚರಿಸಿದರು. ಗುಣವಾದ ಪೀಟರ್ ಮರಳಬೇಕಾದದ್ದು ಭಯ ತುಂಬಿದ ಅದೇ ಮನೆಗೆ ಎಂಬುದನ್ನೂ ಅವರು ಮರೆಮಾಚಲಿಲ್ಲ.

1924ರಲ್ಲಿ ಈ ವರದಿಗಳು ಪ್ರಕಟವಾದುವು. ಲೋಕ ಅವುಗಳನ್ನು ಬೇಗನೆ ಮರೆಯಿತು. 1926ರಲ್ಲಿ ಮೇರಿ ಡಾಕ್ಟರೇಟ್ ಪಡೆದರು. 1927ರಲ್ಲಿ ಪತಿಯೊಡನೆ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದರು. ಪತಿ ಕೆಲಸದಲ್ಲಿರುವ ವಿಶ್ವವಿದ್ಯಾನಿಲಯದಲ್ಲಿ ಹೆಂಡತಿಗೆ ಅಧ್ಯಾಪಕಿಯ ಸ್ಥಾನ ಸಿಕ್ಕುವುದು ಆ ಕಾಲಕ್ಕೆ ದುರ್ಲಭ. ಕಾಲು ಶತಮಾನ ಅವರು ಸಂಶೋಧಕಿಯಾಗಿಯೇ ದುಡಿದರು. 1952ರಲ್ಲಿ ಸಹಾಯಕ ಪ್ರಾಧ್ಯಾಪಕಿ, 1959ರಲ್ಲಿ ಪ್ರಾಧ್ಯಾಪಕಿಯಾದರು. ಮರುವರ್ಷವೇ ಪತಿ ತೀರಿಕೊಂಡರು. ಓಕ್ಲೆಂಡಿನ ಸುಮಾರು 200 ಶಾಲಾಮಕ್ಕಳ ಬೆಳವಣಿಗೆಯನ್ನು 1932ರ ಸುಮಾರಿನಿಂದ ದಶಕಗಳ ಕಾಲ ಅನುಸರಿಸಿ ಅವರು ನಡೆಸಿದ ಅಧ್ಯಯನ ಇನ್ನೊಂದು ಮಹತ್ಕಾರ್ಯ. ತೊಂಬತ್ತರ ಅಂಚಿನಲ್ಲಿ, 1987ರ ಜುಲೈ 22ರಂದು, ಅವರು ಕಣ್ಣುಮುಚ್ಚಿದರು.

ಮರೆತ ಬೀಜ ಅಷ್ಟರಲ್ಲಿ ಮರವಾಗಿತ್ತು. ದಕ್ಷಿಣ ಆಫ್ರಿಕದ ವೈದ್ಯ ಜೋಸೆಫ್ ವೋಲ್ಪೆ ಇದೇ ತತ್ತ್ವವನ್ನು ವಯಸ್ಕರ ಚಿಕಿತ್ಸೆಗೆ ಬೆಳೆಸಿ 1958ರಲ್ಲಿ ಗ್ರಂಥ ಬರೆದರು. ಮೇರಿಯನ್ನು ವರ್ತನಾ ಚಿಕಿತ್ಸೆಯ ತಾಯಿಯೆಂದು ಕರೆದವರೂ ಅವರೇ. ಕೊಳೆಯ ಅಂಜಿಕೆಯಿಂದ ಮತ್ತೆ ಮತ್ತೆ ಕೈ ತೊಳೆಯುವಂತಹ ಗೀಳುರೋಗಕ್ಕೆ ಲಂಡನ್ನಿನ ವಿಕ್ಟರ್ ಮೇಯರ್ 1966ರಲ್ಲಿ ದಾರಿ ತೋರಿದರು. ರೋಗಿ ಅಂಜುವ ವಸ್ತುವನ್ನು ಮುಟ್ಟಬೇಕು, ಮುಟ್ಟಿದ ಮೇಲೆ ತೊಳೆಯದೆ ತಡೆದುಕೊಳ್ಳಬೇಕು. ತಡೆದಂತೆಲ್ಲ ಅಂಜಿಕೆ ತಾನಾಗಿ ಇಳಿಯುತ್ತದೆ. ಭಯದಿಂದ ಓಡಿದಷ್ಟೂ ಭಯ ಬೆಳೆಯುತ್ತದೆ ಎಂಬುದೇ ಇವೆಲ್ಲದರ ತಿರುಳು. 2008ರಲ್ಲಿ ಅಮೆರಿಕದಲ್ಲಿ ಆತಂಕದಿಂದ ಬಳಲುವ 488 ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಔಷಧವಿಲ್ಲದ ಬರಿಯ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 24 ಮಂದಿ ಸುಧಾರಿಸಿದರೆ, ಇಂತಹ ಮನೋಚಿಕಿತ್ಸೆ ಪಡೆದವರಲ್ಲಿ 60 ಮಂದಿ, ಚಿಕಿತ್ಸೆ ಔಷಧ ಎರಡನ್ನೂ ಪಡೆದವರಲ್ಲಿ 81 ಮಂದಿ ಸುಧಾರಿಸಿದರು. 2020ರಲ್ಲಿ ಯೇಲ್ ವಿಶ್ವವಿದ್ಯಾನಿಲಯದವರು 124 ಮಕ್ಕಳ ವಿಷಯದಲ್ಲಿ ಮತ್ತೊಂದನ್ನು ಕಂಡರು. ಮಗುವಿಗೆ ಬದಲಾಗಿ ತಂದೆತಾಯಿಗಳಿಗೇ ಶಿಕ್ಷಣ ಕೊಟ್ಟರೂ ಫಲ ಕಡಿಮೆಯಾಗಲಿಲ್ಲ. ಮಗುವಿನ ಭಯಕ್ಕೆ ಮನೆಯವರು ಮಣಿಯುತ್ತಾ ಹೋಗದೆ, ಅದನ್ನು ಗದರಿಸದೆ, ಅದರ ಕಷ್ಟವನ್ನು ಅರಿತು ಧೈರ್ಯ ತುಂಬುವುದೇ ಆ ಶಿಕ್ಷಣ. ಪೀಟರನ ತಾಯಿಗೆ ಇಷ್ಟು ಹೇಳಿಕೊಡುವವರಿದ್ದರೆ!

ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ನೆಲೆಯಿದೆ. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಮಕ್ಕಳ ಮನೋರೋಗಗಳಿಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಆದರೆ ಹಳ್ಳಿಯ ಅಂಗಳದಿಂದ ಆ ಬಾಗಿಲಿನವರೆಗಿನ ಹಾದಿ ದೀರ್ಘವಾದದ್ದು. ನಮ್ಮ ಮನೆಗಳಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಾವು ಆ ಹಾದಿಯನ್ನು ತುಸು ಕಿರಿದು ಮಾಡಬಹುದು. ಅಂಜುವ ತಮ್ಮನನ್ನೋ ತಂಗಿಯನ್ನೋ ನಗದಿರುವುದು, ಗುಮ್ಮನನ್ನು ಕರೆಯದಿರುವುದು, ಬೇಕಾದಾಗ ವೈದ್ಯರ ಬಳಿಗೆ ಕರೆದೊಯ್ಯುವುದು ನಮ್ಮಿಂದಾಗದ ಕೆಲಸವಲ್ಲ. ಮೇರಿ ಕವರ್ ಜೋನ್ಸ್ ಮೊಲದ ಪಂಜರವನ್ನು ಒಂದೇ ದಿನ ಹನ್ನೆರಡು ಅಡಿ ಸರಿಸಲಿಲ್ಲ. ಮಗು ತಾಳುವಷ್ಟು ಮಾತ್ರ ಸರಿಸಿದರು. ಅವರಿಂದ ನಾವು ಕಲಿಯಬೇಕಾದ ತಾಳ್ಮೆಯೂ ಅದೇ.