ಎಲ್ಲ ಕುಸಿದರೆ ತಾಂತ್ರಿಕ ಕೌಶಲವೊಂದೇ ಸಾಕೇ? ಕೋಟದ ಕಾರಂತರ ಬದುಕಿನಲ್ಲೊಂದು ಉತ್ತರ

ಮಳೆಗಾಲದಲ್ಲಿ ಕುಂದಾಪುರದ ಕಡೆ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸ ವಿಷಯವೇನಲ್ಲ. ಮೊಬೈಲ್ ಆಫ್ ಆಗಿರುತ್ತದೆ, ಪಂಪು ತಿರುಗುವುದಿಲ್ಲ. ಬಾವಿಯಿಂದ ನೀರು ಸೇದೋಣವೆಂದರೆ ಹಗ್ಗ ಎಲ್ಲಿದೆ, ರಾಟೆ ಎಲ್ಲಿದೆ ಎಂದು ಹುಡುಕಬೇಕು. ಅಂಥದ್ದೊಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಒಂದು ಪ್ರಶ್ನೆ ಎದ್ದಿತು: ಮೂರು ದಿನ ಅಲ್ಲ, ಈ ವ್ಯವಸ್ಥೆ ಪೂರ್ತಿ ಕುಸಿದೇಬಿಟ್ಟರೆ ಅದನ್ನು ಮತ್ತೆ ಕಟ್ಟುವವರು ಯಾರು?

ಹೆಚ್ಚಿನವರ ಉತ್ತರ ಒಂದೇ. ಕೆಲವು ಎಂಜಿನಿಯರ್‌ಗಳು, ಡಾಕ್ಟರ್‌ಗಳು, ಮೆಕ್ಯಾನಿಕ್‌ಗಳು ಉಳಿದರೆ ಸಾಕು, ಎಲ್ಲವನ್ನೂ ಮತ್ತೆ ಶುರು ಮಾಡಬಹುದು. ಸಿನಿಮಾ, ಕಾದಂಬರಿಗಳೂ ಇದನ್ನೇ ಹೇಳುತ್ತವೆ. ಇದು ನಿಜವೇ? ಇದನ್ನು ಪರೀಕ್ಷಿಸಲು ನಮ್ಮ ಪಕ್ಕದ ಊರಿನವರೇ ಆದ ಒಬ್ಬರ ಬದುಕನ್ನು ನೋಡೋಣ. 'ನಡೆದಾಡುವ ವಿಶ್ವಕೋಶ' ಎಂದು ಕರೆಸಿಕೊಂಡ ಶಿವರಾಮ ಕಾರಂತರಿಗಿಂತ ಹೆಚ್ಚು ವಿಷಯಗಳಿಗೆ ಕೈ ಹಾಕಿದ ಕನ್ನಡಿಗರು ಸಿಗುವುದು ಕಷ್ಟ.

ಕಾಲೇಜು ಬಿಟ್ಟ ಹುಡುಗ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿರುವ ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಪ್ರಭಾವಕ್ಕೆ ಒಳಗಾಗಿ ಓದು ಬಿಟ್ಟರು. ಮುಂದಿನ ಕೆಲವು ವರ್ಷ ಖಾದಿ ಪ್ರಚಾರ, ಸಮಾಜ ಸುಧಾರಣೆ ಎಂದು ತಿರುಗಿದರು. 'ವಸಂತ' ಎಂಬ ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, 1930ರ ಆಸುಪಾಸಿನಲ್ಲಿ ಮೂಕಿ ಚಿತ್ರಗಳನ್ನೂ ತೆಗೆದರು. ಪುತ್ತೂರಿನಲ್ಲಿ ನೆಲೆನಿಂತು ಬಾಲವನ ಕಟ್ಟಿದರು, ಅಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ಸ್ವಂತ ಮುದ್ರಣಾಲಯ ಇಟ್ಟರು, ತಮ್ಮ ಪುಸ್ತಕಗಳಿಗೆ ತಾವೇ ಚಿತ್ರ ಬರೆದರು.

ಇಷ್ಟೆಲ್ಲ ಬಲ್ಲ ಒಬ್ಬರಿದ್ದರೆ ಸಮಾಜ ಕಟ್ಟಬಹುದಲ್ಲ ಎನ್ನಿಸಬಹುದು. ಆದರೆ ಒಂದು ಪುಟ ಅಚ್ಚಾಗಲು ಏನೇನು ಬೇಕು ಎಂದು ಯೋಚಿಸಿ. ಆ ಕಾಲದ ಅಚ್ಚುಮೊಳೆಗಳನ್ನು ಸೀಸ, ತವರ ಮತ್ತು ಆಂಟಿಮೊನಿಯ ಮಿಶ್ರಲೋಹದಿಂದ ಎರಕ ಹೊಯ್ಯುತ್ತಿದ್ದರು. ಸೀಸ ಬೇಗ ಕರಗುತ್ತದೆ, ಆದರೆ ಮೆತ್ತಗೆ. ಅದಕ್ಕೆ ಗಡಸುತನ ಕೊಡುವುದು ಆಂಟಿಮೊನಿ. ಈ ಮೂರು ಲೋಹಗಳನ್ನು ಯಾರೋ ಗಣಿಯಿಂದ ತೆಗೆಯಬೇಕು. ಯಾರೋ ಕಾಗದ ಮಾಡಬೇಕು, ಯಾರೋ ಶಾಯಿ ಅರೆಯಬೇಕು, ಇನ್ಯಾರೋ ಯಂತ್ರದ ಬಿಡಿಭಾಗ ಎರಕ ಹೊಯ್ಯಬೇಕು. ಮುದ್ರಣ ಬಲ್ಲ ಕಾರಂತರಿಗೂ ಇದೆಲ್ಲ ಹೊರಗಿನಿಂದಲೇ ಬರಬೇಕಿತ್ತು. ಒಬ್ಬರ ಕೌಶಲ ಎಂದು ನಾವು ಕರೆಯುವುದು ನಿಜವಾಗಿ ಸಾವಿರಾರು ಜನರ ಕೌಶಲಗಳ ಕೊನೆಯ ಕೊಂಡಿ.

ಹೇಗೆ ಎಂಬುದಷ್ಟೇ ಗೊತ್ತಿದ್ದರೆ

1930ರ ದಶಕದಲ್ಲಿ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬಂತು. ವಿಜ್ಞಾನದ ಪದವಿ ಇಲ್ಲದ ಒಬ್ಬರು ವಿಶ್ವ, ಜೀವಿಗಳು, ಯಂತ್ರಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಾಗ ಎಷ್ಟೋ ವಿಷಯಗಳಿಗೆ ಪದಗಳೇ ಇರಲಿಲ್ಲ. ಆದರೂ ಅವರು ಈ ಕೆಲಸವನ್ನು ಬಿಡಲಿಲ್ಲ.

ಇದು ಏಕೆ ಮುಖ್ಯ ಎನ್ನುವುದಕ್ಕೆ ಸ್ಕರ್ವಿ ಕಾಯಿಲೆಯ ಕಥೆ ಒಳ್ಳೆಯ ಉದಾಹರಣೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ, ವಸಡಿನಿಂದ ರಕ್ತ ಸುರಿಸಿ ನಾವಿಕರನ್ನು ಕೊಲ್ಲುತ್ತಿದ್ದ ಈ ಕಾಯಿಲೆಗೆ ಕಿತ್ತಳೆ, ನಿಂಬೆ ಮದ್ದು ಎಂದು ಪ್ರಯೋಗ ಮಾಡಿ ತೋರಿಸಿದ. 1795ರಲ್ಲಿ ಬ್ರಿಟಿಷ್ ನೌಕಾಪಡೆ ನಿಂಬೆರಸ ಕೊಡಲು ಆರಂಭಿಸಿತು, ಕಾಯಿಲೆ ಬಹುಮಟ್ಟಿಗೆ ಹೋಯಿತು. ಆದರೆ ಮದ್ದು ಗೊತ್ತಿತ್ತೇ ಹೊರತು ಅದು ಏಕೆ ಕೆಲಸ ಮಾಡುತ್ತದೆಂದು ಗೊತ್ತಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮೆಡಿಟರೇನಿಯನ್ ನಿಂಬೆಯ ಜಾಗಕ್ಕೆ ವೆಸ್ಟ್ ಇಂಡೀಸ್‌ನ ಬೇರೊಂದು ಜಾತಿಯ ಸಣ್ಣ ನಿಂಬೆ ಬಂತು. ಅದರಲ್ಲಿ ಸಿ ವಿಟಮಿನ್ ತೀರಾ ಕಡಿಮೆ. 1875ರಲ್ಲಿ ಆರ್ಕ್ಟಿಕ್‌ಗೆ ಹೊರಟ ಬ್ರಿಟಿಷ್ ತಂಡ ಮತ್ತೆ ಸ್ಕರ್ವಿಗೆ ತುತ್ತಾಯಿತು. ನಿಂಬೆಯೇ ಸುಳ್ಳು, ಕೆಟ್ಟ ಮಾಂಸವೇ ಕಾರಣ ಎನ್ನುವ ವಾದಗಳು ಹುಟ್ಟಿದವು. ಕೈಯಲ್ಲಿದ್ದ ಮದ್ದು ಹೀಗೆ ಕಳೆದುಹೋಯಿತು.

ಏಕೆ ಎಂಬುದು ತಿಳಿಯದ ಕೌಶಲ, ಪರಿಸ್ಥಿತಿ ಸ್ವಲ್ಪ ಬದಲಾದರೂ ಕೈಕೊಡುತ್ತದೆ. ಕಾರಂತರು ಹಳ್ಳಿಯ ಮಕ್ಕಳ ಭಾಷೆಯಲ್ಲಿ ಹಂಚಲು ಹೊರಟದ್ದು ಈ 'ಏಕೆ'ಯನ್ನು.

ಕೌಶಲ ಇತ್ತು, ಭೂಮಿ ಇರಲಿಲ್ಲ

1933ರಲ್ಲಿ ಅವರ 'ಚೋಮನ ದುಡಿ' ಬಂತು. ಚೋಮನಿಗೆ ಬೇಸಾಯ ಗೊತ್ತು. ಎತ್ತುಗಳಿವೆ, ದುಡಿಯುವ ಮೈಯಿದೆ, ಆಸೆಯೂ ಇದೆ. ಆದರೆ ಅವನು ಅಸ್ಪೃಶ್ಯ. ಉಳಲು ಭೂಮಿ ಸಿಗುವುದಿಲ್ಲ. ಅವನ ಕುಟುಂಬ ಒಬ್ಬೊಬ್ಬರಾಗಿ ನಾಶವಾಗುತ್ತದೆ. ಇಲ್ಲಿ ಕೊರತೆ ಇದ್ದದ್ದು ಕೌಶಲಕ್ಕಲ್ಲ, ಅದನ್ನು ಬಳಸುವ ಹಕ್ಕಿಗೆ. ಕುಸಿತದ ನಂತರ ಯಾರಿಗೆ ಏನು ಗೊತ್ತು ಎಂದು ಲೆಕ್ಕ ಹಾಕುವವರು ಕೇಳಲು ಮರೆಯುವ ಪ್ರಶ್ನೆ ಇದು: ಗೊತ್ತಿದ್ದವರನ್ನು ಮಾಡಲು ಬಿಡುತ್ತೇವೆಯೇ?

1940ರ ದಶಕದ ಆರಂಭದಲ್ಲಿ ಬಂದ 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ಕೋಟದ ಹತ್ತಿರ ಕಡಲು ಮತ್ತು ಹೊಳೆಯ ನಡುವಿನ ಕೋಡಿ ಎಂಬ ಹಳ್ಳಿಯ ಒಂದು ಮನೆತನದ ಮೂರು ತಲೆಮಾರುಗಳಿವೆ. ಇಂಗ್ಲಿಷ್ ಓದಿದ ಮಗ ಮನೆ ಮುಳುಗಿಸುತ್ತಾನೆ. ಪದವಿ ಪಡೆದ ಮೊಮ್ಮಗ ರಾಮ ಕೆಲಸ ಸಿಗದೆ ಊರೂರು ಅಲೆಯುತ್ತಾನೆ. ಕೊನೆಗೆ ಅವನು ಊರಿಗೆ ಬಂದು ಮತ್ತೆ ಗದ್ದೆಗೆ ಇಳಿಯಲು ಸಾಧ್ಯವಾದದ್ದು, ಸರಸೋತಿ, ಪಾರೋತಿ, ನಾಗವೇಣಿಯಂಥ ಹೆಂಗಸರು ಆ ಮನೆಯ ಬದುಕನ್ನು ಉಳಿಸಿಕೊಂಡು ಬಂದದ್ದರಿಂದ. ಅವರ ಕೆಲಸಕ್ಕೆ ಯಾವ ಸರ್ಟಿಫಿಕೇಟೂ ಇರಲಿಲ್ಲ. ತಾಂತ್ರಿಕ ಕೌಶಲದ ಪಟ್ಟಿಗೆ ಅದನ್ನು ಯಾರೂ ಸೇರಿಸುತ್ತಲೂ ಇರಲಿಲ್ಲ.

ಪುಸ್ತಕದಲ್ಲಿ ಉಳಿಯದ ವಿದ್ಯೆ

ಯಕ್ಷಗಾನ ಸೊರಗುತ್ತಿದೆ ಅನ್ನಿಸಿದಾಗ ಕಾರಂತರು ಅದರ ಇತಿಹಾಸ ಹುಡುಕಿ 'ಯಕ್ಷಗಾನ ಬಯಲಾಟ' ಬರೆದರು. ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಬರೆದಿಟ್ಟು ಸುಮ್ಮನಾಗಲಿಲ್ಲ. ಭಾಗವತರು, ವೇಷಧಾರಿಗಳ ಜತೆ ಕುಳಿತು ಕೆಲಸ ಮಾಡಿದರು, ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ತಂಡ ಕಟ್ಟಿದರು. ಅವರ ಬದಲಾವಣೆಗಳಿಗೆ ವಿರೋಧವೂ ಇತ್ತು. ಆದರೆ ಹೆಜ್ಜೆ, ತಾಳಗಳು ಒಂದು ಮೈಯಿಂದ ಇನ್ನೊಂದು ಮೈಗೆ ದಾಟಬೇಕು, ಪುಸ್ತಕ ಅದನ್ನು ಮಾಡಲಾರದು ಎಂಬುದು ಅವರಿಗೆ ತಿಳಿದಿತ್ತು. ಬಡಗಿ, ಕಮ್ಮಾರ, ಸೂಲಗಿತ್ತಿಯ ವಿದ್ಯೆಗೂ ಇದೇ ಮಾತು ಸಲ್ಲುತ್ತದೆ.

ವಿಜ್ಞಾನವನ್ನು ಅಷ್ಟು ಪ್ರೀತಿಸಿದ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು. 1989ರಲ್ಲಿ, 87ನೇ ವಯಸ್ಸಿನಲ್ಲಿ, ಪರಿಸರದ ಪರವಾಗಿ ಲೋಕಸಭಾ ಚುನಾವಣೆಗೆ ನಿಂತು ಸೋತರು. ತಂತ್ರಜ್ಞಾನ ಬೇಕೇ ಬೇಡವೇ ಎಂಬುದನ್ನು ತಜ್ಞರಷ್ಟೇ ತೀರ್ಮಾನಿಸಬಾರದು ಎಂಬ ನಿಲುವು ಅದರಲ್ಲಿತ್ತು. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು.

ಹಾಗಾದರೆ ಉತ್ತರ?

ತಾಂತ್ರಿಕ ಕೌಶಲ ಖಂಡಿತ ಬೇಕು. ಆದರೆ ಅದು ಕೆಲವರ ತಲೆಯಲ್ಲಿ ಮಾತ್ರ ಇದ್ದರೆ ಸಾಲದು. ಕಾರಣ ಸಮೇತ ಎಲ್ಲರ ಭಾಷೆಯಲ್ಲಿ ಹಂಚಿಹೋಗಿರಬೇಕು, ದಿನವೂ ಬಳಕೆಯಲ್ಲಿರಬೇಕು, ಬಳಸುವ ಅವಕಾಶ ಎಲ್ಲರಿಗೂ ಇರಬೇಕು.

ಒಂದು ಸಣ್ಣ ಪರೀಕ್ಷೆ. ನೆರೆ ಬಂದಾಗ ಬಾವಿ ನೀರು ಕೆಟ್ಟು ಮಗುವಿಗೆ ಭೇದಿಯಾದರೆ, ಓಆರ್‌ಎಸ್ ಪೊಟ್ಟಣ ಸಿಗದಿದ್ದಾಗ ಏನು ಮಾಡಬೇಕು? ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಆಗಾಗ ಸ್ವಲ್ಪ ಸ್ವಲ್ಪ ಕುಡಿಸಬೇಕು. ಸಕ್ಕರೆ ಏಕೆಂದರೆ, ಕರುಳು ಉಪ್ಪಿನ ಸೋಡಿಯಂ ಹೀರಿಕೊಳ್ಳಲು ಗ್ಲೂಕೋಸ್ ನೆರವಾಗುತ್ತದೆ, ಅದರ ಹಿಂದೆಯೇ ನೀರೂ ಒಳಹೋಗುತ್ತದೆ. ಉಪ್ಪು ಹೆಚ್ಚಾದರೆ ಅಪಾಯ, ಮಗು ಸುಸ್ತಾದರೆ ಆಸ್ಪತ್ರೆಗೆ ಹೋಗಲೇಬೇಕು. ಇದಕ್ಕೆ ಎಂಜಿನಿಯರ್ ಬೇಕಿಲ್ಲ. ನಿಮ್ಮ ಮನೆಯಲ್ಲಿ ಇದು ಎಷ್ಟು ಜನರಿಗೆ ಗೊತ್ತಿದೆ, ಇವತ್ತೇ ಕೇಳಿ ನೋಡಿ.