ನಿಜಾಮರ ಐದು ಟನ್ ಚಿನ್ನ, ನಮ್ಮಜ್ಜನ ಉರ್ದು ಕಾಗದ

ಪ್ರತಿ ವರ್ಷ ಸೆಪ್ಟೆಂಬರ್ 17 ಹತ್ತಿರ ಬಂತೆಂದರೆ ನನ್ನ ಮೊಬೈಲಿಗೆ ಎರಡು ಥರದ ಫಾರ್ವರ್ಡ್ ಬರುತ್ತವೆ. ಒಂದು ಗ್ರೂಪಿನಲ್ಲಿ ಹೈದರಾಬಾದಿನ ಕೊನೆಯ ನಿಜಾಮ ರಾಕ್ಷಸ. ಇನ್ನೊಂದರಲ್ಲಿ ಅವರೇ ದಾನಶೂರ ಕರ್ಣ. ಎರಡನೇ ಗ್ರೂಪಿನವರ ಅಚ್ಚುಮೆಚ್ಚಿನ ಕಥೆ ಚಿನ್ನದ್ದು. 1965ರಲ್ಲಿ ಯುದ್ಧದ ಖರ್ಚಿಗೆ ಮೀರ್ ಉಸ್ಮಾನ್ ಅಲಿ ಖಾನ್ ಐದು ಟನ್ ಚಿನ್ನ ದಾನ ಕೊಟ್ಟರಂತೆ, ಪೆಟ್ಟಿಗೆಗಳನ್ನು ಮಾತ್ರ ವಾಪಸ್ ಕೇಳಿದರಂತೆ.

ಈ ಕಥೆ ನಿಜವಾ ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕೇಳಿದವರಿದ್ದಾರೆ. ಅಂಥ ದೇಣಿಗೆಯ ದಾಖಲೆ ಇಲ್ಲ ಅಂತ ಪ್ರಧಾನಿ ಕಚೇರಿಯಿಂದ ಉತ್ತರ ಬಂತು. ನಿಜಾಮರು ಮಾಡಿದ್ದು, ಸರ್ಕಾರದ ಚಿನ್ನದ ಬಾಂಡ್ ಯೋಜನೆಯಲ್ಲಿ 425 ಕೆಜಿ ಚಿನ್ನ ತೊಡಗಿಸಿದ್ದು. ಅದಕ್ಕೆ ಶೇ 6.5 ಬಡ್ಡಿ. ಐದು ಟನ್ ಎಲ್ಲಿ, 425 ಕೆಜಿ ಎಲ್ಲಿ? ದಾನ ಎಲ್ಲಿ, ಠೇವಣಿ ಎಲ್ಲಿ?

ಆದರೆ ನನ್ನ ತಲೆಯಲ್ಲಿ ಉಳಿದದ್ದು ಚಿನ್ನದ ಲೆಕ್ಕಕ್ಕಿಂತ ಹೆಚ್ಚಾಗಿ ಆ ಅರ್ಜಿ. ನಿಜಾಮರ ಆಳ್ವಿಕೆಯಲ್ಲಿ ರಾಯಚೂರಿನ ಒಬ್ಬ ರೈತ ಅರಮನೆಗೆ ಇಂಥ ಪ್ರಶ್ನೆ ಕೇಳುವುದು ಸಾಧ್ಯವಿತ್ತಾ? ಕೇಳಿದರೂ ಯಾವ ಭಾಷೆಯಲ್ಲಿ ಕೇಳಬೇಕಿತ್ತು? ಈ ಪ್ರಶ್ನೆ ಇಟ್ಟುಕೊಂಡೇ ಅವರ ಬದುಕನ್ನು ಇನ್ನೊಮ್ಮೆ ಓದೋಣ ಅನಿಸಿತು.

ಉಸ್ಮಾನ್ ಅಲಿ ಹುಟ್ಟಿದ್ದು 1886ರಲ್ಲಿ. 1911ರಲ್ಲಿ, ಇಪ್ಪತ್ತೈದನೇ ವಯಸ್ಸಿಗೆ, ಏಳನೇ ನಿಜಾಮರಾದರು. ಗಾದಿಗೆ ಬಂದ ಮೂರೇ ವರ್ಷಕ್ಕೆ ದಿವಾನರನ್ನು ಇಳಿಸಿ, 1919ರವರೆಗೆ ಆಡಳಿತವನ್ನೆಲ್ಲ ತಾವೇ ಇಟ್ಟುಕೊಂಡರು. ಸ್ವಂತ ನಾಣ್ಯ, ಸ್ವಂತ ಅಂಚೆ, ಸ್ವಂತ ಸೈನ್ಯ. 1937ರ ಫೆಬ್ರುವರಿಯಲ್ಲಿ ಟೈಮ್ ಪತ್ರಿಕೆ ಜಗತ್ತಿನ ಅತಿ ಶ್ರೀಮಂತ ಅಂತ ಅವರ ಮುಖವನ್ನು ಮುಖಪುಟಕ್ಕೆ ಹಾಕಿತು. ಅದೇ ಮನುಷ್ಯ ಹಳೇ ಶೇರ್ವಾನಿ ಹಾಕಿಕೊಂಡು, ಅಗ್ಗದ ಚಾರ್‌ಮಿನಾರ್ ಸಿಗರೇಟು ಸೇದುತ್ತಾ ಕಿಂಗ್ ಕೋಠಿಯಲ್ಲಿ ಕೂತಿರುತ್ತಿದ್ದರು. 184 ಕ್ಯಾರೆಟ್ ದಾಟಿದ ಜೇಕಬ್ ವಜ್ರ ಅವರ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿಡುವ ಕಲ್ಲಾಗಿತ್ತು ಅನ್ನುತ್ತಾರೆ.

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಅವರ ಕಾಲದ ಕಾಮಗಾರಿಗಳನ್ನು ನೋಡಿದರೆ ಮೆಚ್ಚದೆ ಇರೋಕಾಗಲ್ಲ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಕೊಚ್ಚಿಹೋದಾಗ, ಅವರ ತಂದೆಯ ಸರ್ಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿತ್ತು. ಅವರ ಸಲಹೆಯಂತೆ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಿ ಮುಗಿಸಿದ್ದು ಮಗನ ಕಾಲದಲ್ಲಿ. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ. 1930ರಲ್ಲಿ ರೈಲ್ವೆಯನ್ನು ಖಾಸಗಿ ಕಂಪನಿಯಿಂದ ಸರ್ಕಾರಕ್ಕೆ ತೆಗೆದುಕೊಂಡರು. 1932ರಲ್ಲಿ 27 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಶುರುವಾಯಿತು. ಅವರ ನಿಜಾಮಿಯಾ ವೀಕ್ಷಣಾಲಯ ಆಕಾಶದ ನಕ್ಷತ್ರಗಳ ನಕ್ಷೆ ಮಾಡುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ತನ್ನ ಪಾಲಿನ ಕೆಲಸ ಮಾಡಿತು. ಖಗೋಳ ವಿಜ್ಞಾನಿ ವೇಣು ಬಾಪು ಬೆಳೆದದ್ದು ಅಲ್ಲಿ ಕೆಲಸ ಮಾಡುತ್ತಿದ್ದ ಅಪ್ಪನ ನೆರಳಲ್ಲಿ.

ನಮ್ಮ ಕಡೆ ಬನ್ನಿ. ರಾಯಚೂರಿನಿಂದ ಹೈದರಾಬಾದಿಗೆ ಹೊರಟರೆ ದೇವಸೂಗೂರಿನಲ್ಲಿ ಕೃಷ್ಣೆ ದಾಟಿಸುವ ಕಲ್ಲಿನ ಸೇತುವೆ, 1943ರಲ್ಲಿ ಮುಗಿದದ್ದು, ಅವರ ಕಾಲದ್ದೇ. 1945ರ ಫೆಬ್ರುವರಿ 28ರಂದು ತುಂಗಭದ್ರೆಗೆ ಅಡಿಗಲ್ಲು ಬಿದ್ದಾಗ ಆಚೆ ದಡದಲ್ಲಿ ಮದ್ರಾಸ್ ಗವರ್ನರ್, ಈಚೆ ದಡದಲ್ಲಿ ನಿಜಾಮರ ಹಿರಿಯ ಮಗ. ಇವತ್ತು ಸಿಂಧನೂರು, ಮಾನ್ವಿಯ ಭತ್ತದ ಗದ್ದೆಗಳಿಗೆ ನೀರು ಹರಿಯುವ ಎಡದಂಡೆ ಕಾಲುವೆಯ ಮೂಲ ಅಲ್ಲಿದೆ. ಇದನ್ನು ಇಲ್ಲ ಅನ್ನುವುದು ಸುಳ್ಳಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಪ್ರಯೋಗ ಅಂತ ನನಗನಿಸೋದು ಉಸ್ಮಾನಿಯಾ ವಿಶ್ವವಿದ್ಯಾಲಯ. 1918ರಲ್ಲಿ ಶುರುವಾದ ಇದರಲ್ಲಿ ಪಾಠದ ಭಾಷೆ ಉರ್ದು. ಕಾವ್ಯ, ಇತಿಹಾಸಕ್ಕಷ್ಟೇ ಅಲ್ಲ, ಗಣಿತ, ರಸಾಯನಶಾಸ್ತ್ರ, ವೈದ್ಯಕೀಯ, ಎಂಜಿನಿಯರಿಂಗ್ ಕೂಡ ಉರ್ದುವಿನಲ್ಲೇ. ಅದಕ್ಕಾಗಿ ಒಂದು ಅನುವಾದ ಸಂಸ್ಥೆಯನ್ನೇ ಕಟ್ಟಿದರು. ವಿದ್ವಾಂಸರು ಕೂತು ಒಂದೊಂದು ಪಾರಿಭಾಷಿಕ ಪದಕ್ಕೂ ಜಗಳವಾಡಿ, ನೂರಾರು ಪುಸ್ತಕ ಅನುವಾದಿಸಿದರು. ಭಾರತದ ಭಾಷೆಯಲ್ಲಿ ವಿಜ್ಞಾನ ಕಲಿಸೋಕಾಗಲ್ಲ ಅನ್ನುವವರಿಗೆ ನೂರು ವರ್ಷದ ಹಿಂದೆಯೇ ಉತ್ತರ ಸಿಕ್ಕಿತ್ತು.

ಇದನ್ನು ಓದುವಾಗ ನನಗೆ ಹೊಟ್ಟೆಕಿಚ್ಚಾಯಿತು. ಮಾನ್ವಿಯಲ್ಲಿ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಎಂಜಿನಿಯರಿಂಗ್ ಸೇರಿದವನು ನಾನು. ಮೊದಲ ಸೆಮಿಸ್ಟರಿನಲ್ಲಿ ಪಾಠ ಕೇಳುವಾಗ ನನಗೆ ಗೊತ್ತಿದ್ದ ವಿಷಯವೇ ಗೊತ್ತಿಲ್ಲದಂತೆ ಕೇಳಿಸುತ್ತಿತ್ತು. ಘರ್ಷಣೆ, ಸಂವೇಗ ಅಂತ ಚೆನ್ನಾಗಿ ತಿಳಿದಿದ್ದನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಬಾಯಿ ಕಟ್ಟುತ್ತಿತ್ತು. ಹಿಂದಿನ ಬೆಂಚಿಗೆ ಹೋದವನು ಮೂರನೇ ಸೆಮಿಸ್ಟರಿನವರೆಗೆ ಮುಂದೆ ಬರಲಿಲ್ಲ.

ಆದರೆ ನಾನು 1930ರಲ್ಲಿ ಮಾನ್ವಿಯಲ್ಲಿ ಹುಟ್ಟಿದ್ದರೆ? ಆಗಲೂ ಹಿಂದಿನ ಬೆಂಚೇ. ಹೈದರಾಬಾದ್ ಸಂಸ್ಥಾನದಲ್ಲಿ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ನಿಜಾಮರು ಇಂಗ್ಲಿಷಿನ ಬೀಗ ಒಡೆದು, ಆ ಜಾಗದಲ್ಲಿ ಉರ್ದುವಿನ ಬೀಗ ಹಾಕಿದರು. ಇದರಲ್ಲಿ ಉರ್ದುವಿನ ತಪ್ಪೇನಿಲ್ಲ. ಅದು ರಾಯಚೂರಿನ ಗಲ್ಲಿಗಳಲ್ಲಿ ಇವತ್ತಿಗೂ ಮಕ್ಕಳು ಆಡುವ ಮಾತು. ನಮ್ಮ ತಹಸೀಲ್ದಾರ್, ಗಿರ್ದಾವರ್, ಅರ್ಜಿ, ವಕೀಲ ಎಲ್ಲವೂ ಆ ಕಡೆಯಿಂದ ಬಂದು ನಮ್ಮವೇ ಆದ ಪದಗಳು. ತಪ್ಪಿರುವುದು, ಆಳುವವನಿಗೆ ಬರುವ ಭಾಷೆಯಲ್ಲೇ ಆಳಿಸಿಕೊಳ್ಳುವವನು ಮಾತಾಡಬೇಕು ಅನ್ನುವ ಹಟದಲ್ಲಿ.

ಆ ಹಟಕ್ಕೆ ರಾಯಚೂರು ಸುಮ್ಮನೆ ತಲೆ ಬಾಗಲಿಲ್ಲ. ಪಂಡಿತ ತಾರಾನಾಥರು 1920ರಲ್ಲಿ ಇಲ್ಲಿ ಹಮ್‌ದರ್ದ್ ಶಾಲೆ ತೆರೆದರು. ಮುಂದೆ ಅವರು ರಾಯಚೂರು ಬಿಟ್ಟು, ಮದ್ರಾಸ್ ಪ್ರಾಂತ್ಯದ ನೆಲಕ್ಕೆ ಹೋಗಿ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಕಟ್ಟಬೇಕಾಯಿತು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಊರಲ್ಲಿ. ಗಸ್ತಿ ನಿಶಾನ್ 53 ಅನ್ನುವ ಸುತ್ತೋಲೆಯ ಪ್ರಕಾರ ಸಭೆ ಸೇರಲು ಸರ್ಕಾರದ ಅಪ್ಪಣೆ ಬೇಕಿದ್ದ ಕಾಲ ಅದು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಹುಟ್ಟುವಾಗಲೇ ನಿಷೇಧ. ಅದೇ ವರ್ಷ ಉಸ್ಮಾನಿಯಾದ ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಿದರು. ಹೊರಬಿದ್ದು ನಾಗಪುರಕ್ಕೆ ಹೋಗಿ ಓದಿದವರಲ್ಲಿ ಪಿ.ವಿ. ನರಸಿಂಹರಾವ್ ಒಬ್ಬರು.

ಈಗ ನಮ್ಮಜ್ಜನ ಕಾಗದದ ಸುದ್ದಿ ಹೇಳುತ್ತೇನೆ. ನಮ್ಮ ಹೊಲ ಇರುವುದು ದೇವದುರ್ಗದ ಕಡೆ. ಅಜ್ಜನ ಟ್ರಂಕಿನಲ್ಲಿ, ಅರಿವೆಯಲ್ಲಿ ಸುತ್ತಿಟ್ಟ ಒಂದು ಉರ್ದು ಕಾಗದವಿತ್ತು. ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಅದು ಹೊಲದ ಪಟ್ಟಾ ಅನ್ನುವುದು ಎಲ್ಲರ ನಂಬಿಕೆ. ದೀಪಾವಳಿ ಅಮಾಸಿಗೆ ಅದಕ್ಕೂ ಅರಿಷಿಣ ಕುಂಕುಮ. ಈ ಕಾಗದ ಐತಲ್ಲ ಅನ್ನುವ ಧೈರ್ಯದಲ್ಲೇ ನಮ್ಮಪ್ಪ ಒಂದು ಬದುವಿನ ವಿಷಯಕ್ಕೆ ದೊಡ್ಡಪ್ಪನ ಜೊತೆ ಹನ್ನೆರಡು ವರ್ಷ ಮಾತು ಬಿಟ್ಟಿದ್ದರು. ಮದುವೆಗೆ ಹೋಗಲಿಲ್ಲ, ಮಣ್ಣಿಗೂ ಹೋಗಲಿಲ್ಲ.

ಮೂರು ವರ್ಷದ ಹಿಂದೆ ನಾನು ಅದನ್ನು ರಾಯಚೂರಿನ ಅಂದ್ರೂನ್ ಕಿಲ್ಲಾದಲ್ಲಿರುವ ಒಬ್ಬ ನಿವೃತ್ತ ಉರ್ದು ಮೇಷ್ಟ್ರ ಹತ್ತಿರ ಒಯ್ದೆ. ಅವರು ಕನ್ನಡಕ ಹಾಕಿಕೊಂಡು ಎರಡೇ ನಿಮಿಷದಲ್ಲಿ ಓದಿದರು. ಅದು ಕಂದಾಯ ಕಟ್ಟಿದ ರಸೀದಿ, ಫಸಲಿ 1352ರದ್ದು. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ, ಅಂದರೆ 1942-43. ಖುಷ್ಕಿ ಜಮೀನಿಗೆ ಆ ವರ್ಷದ ಬಾಕಿ ಚುಕ್ತಾ ಆಗಿದೆ ಅಂತ ಬರೆದಿತ್ತು, ಅಷ್ಟೇ. ಬದುವಿನ ಮಾತೇ ಅದರಲ್ಲಿರಲಿಲ್ಲ. ಮೇಷ್ಟ್ರು ಚಹಾ ಕುಡಿಸಿ ಕಳಿಸಿದರು, ದುಡ್ಡು ಮುಟ್ಟಲಿಲ್ಲ. ನಾನು ಬಸ್ಸಿನಲ್ಲಿ ಊರಿಗೆ ಬರುವಾಗ ಅಪ್ಪನಿಗೆ ಹೇಗೆ ಹೇಳಲಿ ಅಂತ ಯೋಚಿಸುತ್ತಾ ಇದ್ದೆ. ದೊಡ್ಡಪ್ಪ ಅಷ್ಟೊತ್ತಿಗೆ ತೀರಿಹೋಗಿ ವರ್ಷವಾಗಿತ್ತು.

ಆವತ್ತು ನನಗೆ ತಿಳಿದದ್ದು ಇದು: ಸರ್ಕಾರ ಗುಟ್ಟು ಕಾಯಲು ಬೀರುವಿಗೆ ಬೀಗ ಹಾಕಲೇಬೇಕು ಅಂತಿಲ್ಲ. ಕಾಗದವನ್ನು ನಿಮ್ಮ ಕೈಗೇ ಕೊಟ್ಟು, ನಿಮಗೆ ಬಾರದ ಭಾಷೆಯಲ್ಲಿ ಬರೆದರೆ ಸಾಕು. ಓದಲಾಗದ ಕಾಗದದ ಸುತ್ತ ಕಥೆ ಬೆಳೆಯುತ್ತದೆ. ರಸೀದಿ ಪಟ್ಟಾ ಆಗುತ್ತದೆ. 425 ಕೆಜಿ ಐದು ಟನ್ ಆಗುತ್ತದೆ.

ನಿಜಾಮರ ಕೊನೆಯ ವರ್ಷಗಳಂತೂ ಗುಟ್ಟುಗಳ ಸಂತೆ. 1947ರ ನವೆಂಬರ್ 29ರಂದು ಭಾರತದ ಜೊತೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ರಾತ್ರೋರಾತ್ರಿ ಶಸ್ತ್ರಾಸ್ತ್ರ ತಂದು ಬೀದರ್, ವರಂಗಲ್ಲಿನಲ್ಲಿ ಇಳಿಸುತ್ತಿದ್ದ. ಹಳ್ಳಿಗಳಲ್ಲಿ ಕಾಸಿಂ ರಜ್ವಿಯ ರಜಾಕಾರರ ಹಾವಳಿ. ಭಾರತ ಸೇರುವುದೇ ಸರಿ ಅಂತ ಉರ್ದುವಿನಲ್ಲೇ ಬರೆದ ಇಮ್ರೋಜ್ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಆ ಆಗಸ್ಟಿನಲ್ಲಿ ನಡುಬೀದಿಯಲ್ಲಿ ಕೊಂದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮರು ಕದನ ನಿಲ್ಲಿಸಿದರು. ಮೂರು ದಿನದ ನಂತರ ಅವರ ಹೆಸರಿನ ಹತ್ತು ಲಕ್ಷ ಪೌಂಡ್ ಲಂಡನ್ನಿನ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ಹೋಯಿತು. ನನ್ನ ಒಪ್ಪಿಗೆ ಇಲ್ಲದೆ ಹೋಗಿದೆ ಅಂತ ಅವರು ವಾಪಸ್ ಕೇಳಿದರು. ಆ ಹಣ ಯಾರದ್ದು ಅಂತ ಇಂಗ್ಲೆಂಡಿನ ಕೋರ್ಟ್ ತೀರ್ಪು ಕೊಟ್ಟಿದ್ದು 2019ರ ಅಕ್ಟೋಬರ್ 2ರಂದು, ಭಾರತ ಮತ್ತು ನಿಜಾಮರ ವಾರಸುದಾರರ ಪರ. ಅಷ್ಟೊತ್ತಿಗೆ ಅದು ಬಡ್ಡಿ ಸೇರಿ 3.5 ಕೋಟಿ ಪೌಂಡ್ ಆಗಿತ್ತು.

ಗುಟ್ಟು ಕಾಯುವುದರಲ್ಲಿ ನಿಜಾಮರನ್ನು ಸೋಲಿಸಿದ ಪ್ರಜಾಪ್ರಭುತ್ವವೂ ಹಿಂದೆ ಬೀಳಲಿಲ್ಲ. ಸೇನೆ ಬಂದ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ನೆಹರೂ ಅವರು ಪಂಡಿತ ಸುಂದರಲಾಲ್ ತಂಡವನ್ನು ಕಳಿಸಿದ್ದರು. 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅಂತ ಅಂದಾಜಿಸಿದ ಆ ವರದಿ ಜನರ ಕೈಗೆ ಸಿಕ್ಕಿದ್ದು 2013ರಲ್ಲಿ. ಅರವತ್ತು ವರ್ಷ ಎರಡೂ ಕಡೆಯವರು ತಮ್ಮತಮ್ಮ ಅಂಕಿ ತಾವೇ ಕಟ್ಟಿಕೊಂಡರು. ನನ್ನ ಮೊಬೈಲಿನ ಆ ಎರಡು ಗ್ರೂಪು ಹುಟ್ಟಿದ್ದು ಇಂಥ ಖಾಲಿ ಜಾಗದಲ್ಲೇ.

ಉಸ್ಮಾನ್ ಅಲಿ 1950ರಿಂದ 1956ರವರೆಗೆ ಅದೇ ಹೈದರಾಬಾದಿಗೆ ರಾಜಪ್ರಮುಖರಾದರು. 1956ರ ನವೆಂಬರ್ 1ಕ್ಕೆ ರಾಜ್ಯವೇ ಮೂರು ಪಾಲಾಗಿ, ರಾಯಚೂರು ಕನ್ನಡಿಗರ ರಾಜ್ಯಕ್ಕೆ ಬಂತು. 1967ರ ಫೆಬ್ರುವರಿ 24ರಂದು ಕಿಂಗ್ ಕೋಠಿಯಲ್ಲಿ ತೀರಿಕೊಂಡಾಗ ಬೀದಿಯಲ್ಲಿ ಜನಸಾಗರವೇ ಸೇರಿತ್ತು. ಎದುರಿನ ಜೂದಿ ಮಸೀದಿಯಲ್ಲಿ ಮಣ್ಣಾದರು.

ನಾವೀಗ ಎಲ್ಲಿದ್ದೇವೆ? ಕೆಲವು ಒಳ್ಳೆಯದಾಗಿದೆ. ಭೂಮಿ ಯೋಜನೆಯಿಂದ ಪಹಣಿ ಕನ್ನಡದಲ್ಲಿ ಕಂಪ್ಯೂಟರಿನಿಂದ ಬರುತ್ತದೆ. ನಮ್ಮಜ್ಜನಿಗೆ ಇದ್ದ ಕಷ್ಟ ನನಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನ 4ನೇ ಉಪವಿಧಿ, ಸರ್ಕಾರ ತಾನಾಗಿ ಕೊಡುವ ಮಾಹಿತಿಯಲ್ಲಿ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಅನ್ನುತ್ತದೆ. ಈ ಸಾಲು ಬಹಳ ಜನರಿಗೆ ಗೊತ್ತಿಲ್ಲ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಅದೇ ಆರ್‌ಟಿಐನ 8ನೇ ಸೆಕ್ಷನ್ ತಿದ್ದಿ, ವೈಯಕ್ತಿಕ ಮಾಹಿತಿ ಅನ್ನುವ ನೆಪಕ್ಕೆ ಜಾಗ ಹಿಗ್ಗಿಸಿತು. ಇದೂ ಬಹಳ ಜನರಿಗೆ ಗೊತ್ತಿಲ್ಲ, ಯಾಕೆಂದರೆ ಕಾಯ್ದೆಯನ್ನು ಕನ್ನಡದಲ್ಲಿ ಓದಿದವರು ಎಷ್ಟು ಮಂದಿ?

ಮಾನ್ವಿಯ ಕೊನೆ ಭಾಗದ ರೈತರು ವರ್ಷವೂ ಬೀದಿಗಿಳಿಯುವುದು 69ನೇ ಮೈಲಿನಲ್ಲಿ, 104ನೇ ಮೈಲಿನಲ್ಲಿ ಗೇಜ್ ಕಾಯ್ದುಕೊಳ್ಳಿ ಅಂತ. ಮೇಲೆ ಎಷ್ಟು ನೀರು ಬಿಟ್ಟರು, ನಡುವೆ ಎಷ್ಟು ಸೋರಿತು ಅನ್ನುವುದು ಒಂದು ಸಣ್ಣ ಲೆಕ್ಕ. ಎಂಜಿನಿಯರಿಂಗ್ ಓದಿದವನಾಗಿ ಹೇಳುತ್ತೇನೆ, ಆ ಲೆಕ್ಕವನ್ನು ದಿನಾ ಬೆಳಿಗ್ಗೆ ಕನ್ನಡದಲ್ಲಿ ರೈತನ ಮೊಬೈಲಿಗೆ ಮುಟ್ಟಿಸುವುದು ಕಷ್ಟದ ತಂತ್ರಜ್ಞಾನವೇ ಅಲ್ಲ. ನೂರು ವರ್ಷದ ಹಿಂದೆ ರಸಾಯನಶಾಸ್ತ್ರವನ್ನು ಉರ್ದುವಿಗೆ ತಂದವರಿಗೆ ಇದ್ದ ಛಲದ ಕಾಲುಭಾಗ ಸಾಕು.

ಹಾಗಾಗಿ ಈ ಸೆಪ್ಟೆಂಬರ್ 17ಕ್ಕೆ ಫಾರ್ವರ್ಡ್ ಮಾಡುವ ಬದಲು ಹತ್ತು ರೂಪಾಯಿ ಖರ್ಚು ಮಾಡಿ ಒಂದು ಆರ್‌ಟಿಐ ಅರ್ಜಿ ಹಾಕಿ. ಕನ್ನಡದಲ್ಲೇ ಬರೆಯಿರಿ, ಕಾನೂನು ಒಪ್ಪುತ್ತದೆ. ನಾನು ಗೇಜಿನ ಲೆಕ್ಕ ಕೇಳಿ ಹಾಕಿದ್ದೇನೆ. ಅಪ್ಪ ಈಗ ದೊಡ್ಡಪ್ಪನ ಮಗನ ಜೊತೆ ಮಾತಾಡುತ್ತಾರೆ. ಆ ರಸೀದಿ ಮಾತ್ರ ಇನ್ನೂ ಟ್ರಂಕಿನಲ್ಲೇ ಇದೆ, ಅದರ ಹಿಂದೆ ನಾನು ಅಂಟಿಸಿದ ಕನ್ನಡ ಚೀಟಿಯ ಜೊತೆ.