ಪೊರೆಯನ್ನು ನಂಬಿದ ಪೀಟರ್ ಮಿಚೆಲ್

ಫ್ಲೂ ಜ್ವರದ ವೈರಸ್ಸಿನಲ್ಲಿರುವ ಒಂದು ಪುಟ್ಟ ಪ್ರೊಟೀನು ನಮ್ಮ ಜೀವಕೋಶದೊಳಗಿನ ಮೈಟೋಕಾಂಡ್ರಿಯ ಎಂಬ ಕಣಗಳ ಪೊರೆಯನ್ನು ಕೆಡಿಸುತ್ತದೆಂದು 2001ರಲ್ಲಿ ತಿಳಿದುಬಂತು. ಪೊರೆ ಕೆಟ್ಟರೆ ಕೋಶಕ್ಕೇಕೆ ಕುತ್ತು? ಇದಕ್ಕೆ ಉತ್ತರ ನಾಲ್ವತ್ತು ವರ್ಷ ಮೊದಲೇ ಸಿದ್ಧವಾಗಿತ್ತು. ಅದನ್ನು ಕೊಟ್ಟವರ ಜೀವನವನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ.

ಪೀಟರ್ ಮಿಚೆಲ್ ಇಂಗ್ಲೆಂಡಿನ ಮಿಚಮ್‌ನಲ್ಲಿ 1920ರ ಸೆಪ್ಟೆಂಬರ್ 29ರಂದು ಜನಿಸಿದರು. ಗಣಿತ, ಭೌತಶಾಸ್ತ್ರಗಳಲ್ಲಿ ಜಾಣ. ಇತಿಹಾಸ, ಭೂಗೋಳಗಳಲ್ಲಿ ಹಿಂದು. ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಅಂಕ ಸಾಲದಿದ್ದರೂ ಮುಖ್ಯೋಪಾಧ್ಯಾಯರು ಬರೆದ ಪತ್ರದ ಬಲದಿಂದ ಕೇಂಬ್ರಿಜ್ ಸೇರಿದರು. ಡಾಕ್ಟರೇಟು ಕೈಗೂಡಿದ್ದು 1951ರಲ್ಲಿ.

ಉಂಡ ಅನ್ನದ ಶಕ್ತಿ ಎ.ಟಿ.ಪಿ. ಎಂಬ ರಾಸಾಯನಿಕವಾಗಿ ಮಾರ್ಪಡುವುದು ಬಹುಪಾಲು ಮೈಟೋಕಾಂಡ್ರಿಯದಲ್ಲಿ. ಈ ಎರಡರ ನಡುವೆ ಯಾವುದೋ ಮಧ್ಯವರ್ತಿ ವಸ್ತು ಇರಲೇಬೇಕೆಂದು ಆಗಿನ ಪಂಡಿತರೆಲ್ಲ ಹುಡುಕುತ್ತಿದ್ದರು. ಎಡಿನ್‌ಬರೋದಲ್ಲಿದ್ದ ಮಿಚೆಲ್ 1961ರಲ್ಲಿ ಅಂಥ ವಸ್ತುವೇ ಇಲ್ಲವೆಂದರು. ಒಳಪೊರೆಯು ಜಲಜನಕದ ಅಯಾನುಗಳನ್ನು ಹೊರತಳ್ಳುತ್ತದೆ. ಅವು ಮರಳಿ ನುಗ್ಗುವ ಒತ್ತಡದಿಂದಲೇ ಎ.ಟಿ.ಪಿ. ತಯಾರಾಗುತ್ತದೆ ಎಂಬುದು ಅವರ ವಾದ. ತೋಡಿಗೆ ಕಟ್ಟ ಹಾಕುವ ನಮ್ಮ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಂತ ನೀರನ್ನು ಒಂದೇ ಕಂಡಿಯಲ್ಲಿ ಬಿಟ್ಟರೆ ಚಕ್ರ ತಿರುಗೀತು; ಏಡಿ ಬಿಲ ಕೊರೆಯಿತೋ, ನೀರೂ ಇಲ್ಲ, ಚಕ್ರವೂ ಇಲ್ಲ.

ಹೆಚ್ಚಿನವರು ನಂಬಲಿಲ್ಲ. ಹೊಟ್ಟೆಹುಣ್ಣು ಬಾಧಿಸಿ 1963ರಲ್ಲಿ ಮಿಚೆಲ್ ಕೆಲಸ ಬಿಟ್ಟರು. ಕಾರ್ನ್‌ವಾಲ್ ಪ್ರಾಂತದ ಬಾಡ್ಮಿನ್ ಬಳಿ ಪಾಳುಬಿದ್ದಿದ್ದ ಗ್ಲಿನ್ ಹೌಸ್ ಎಂಬ ಬಂಗಲೆಯನ್ನು ತಾವೇ ಮುಂದೆ ನಿಂತು ದುರಸ್ತಿ ಮಾಡಿಸಿದರು, ಹಸು ಸಾಕಿದರು, ಅಲ್ಲೇ ಪ್ರಯೋಗಶಾಲೆ ತೆರೆದರು. ಮನೆತನದ ಹಣವಿತ್ತು ಎಂಬುದನ್ನೂ ಹೇಳಬೇಕು. ಎಲ್ಲರಿಗೂ ಆಗುವ ಮಾತಲ್ಲ. ಆಮ್ಲಜನಕವಿಲ್ಲದ ದ್ರವದಲ್ಲಿ ಮೈಟೋಕಾಂಡ್ರಿಯಗಳನ್ನಿರಿಸಿ, ಚೂರು ಆಮ್ಲಜನಕ ಕೊಟ್ಟೊಡನೆ ದ್ರವ ಹುಳಿಯಾಗುವುದನ್ನು ಅಳೆದು ತೋರಿಸಿದವರು ಸಹೋದ್ಯೋಗಿ ಜೆನಿಫರ್ ಮಾಯ್ಲ್. ಈಕೆಯ ಹೆಸರು ಇಷ್ಟು ಕಡಿಮೆ ಕೇಳಿಬರುವುದು ನಮಗೆ ಸರಿಯೆನಿಸದು. 1966 ಮತ್ತು 1968ರಲ್ಲಿ ಮಿಚೆಲ್ ತಮ್ಮ ವಾದವನ್ನು ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿ ಹಂಚಿದರು. ವಿರೋಧಿಗಳು ಒಬ್ಬೊಬ್ಬರಾಗಿ ಒಪ್ಪತೊಡಗಿದರು. 1978ರ ರಸಾಯನಶಾಸ್ತ್ರದ ನೊಬೆಲ್ ಇವರೊಬ್ಬರಿಗೇ ಸಂದಿತು. ವಾದದ ಕೆಲವು ವಿವರಗಳು ಮುಂದೆ ತಪ್ಪೆಂದು ಕಂಡುಬಂದರೂ ಮೂಲತತ್ತ್ವ ಅಲುಗಲಿಲ್ಲ. 1992ರ ಎಪ್ರಿಲ್ 10ರಂದು ಗ್ಲಿನ್‌ನಲ್ಲೇ ತೀರಿಕೊಂಡರು.

ಮೊದಲು ಹೇಳಿದ ಫ್ಲೂ ಪ್ರೊಟೀನಿನ ಹೆಸರು ಪಿಬಿ1-ಎಫ್2. ಸುಮಾರು 90 ಅಮೈನೋ ಆಮ್ಲಗಳಷ್ಟೇ ಇರುವ ಈ ಏಡಿ ಒಳಪೊರೆಗೆ ಹೊಕ್ಕು ಸೋರಿಕೆ ಉಂಟುಮಾಡುತ್ತದೆ. ಒತ್ತಡ ಇಳಿಯುತ್ತದೆ, ಒಳಗಿರಬೇಕಾದ ಕೆಲವು ಪ್ರೊಟೀನುಗಳು ಹೊರಬಿದ್ದು ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಲಿಯಾದುವು ರೋಗದೊಡನೆ ಹೋರಾಡಬೇಕಾದ ಒಂದು ಬಗೆಯ ಬಿಳಿ ರಕ್ತಕಣಗಳು. ಎಲ್ಲ ಫ್ಲೂ ವೈರಸ್ಸುಗಳಲ್ಲೂ ಇದು ಪೂರ್ತಿಯಾಗಿ ಇರುವುದಿಲ್ಲ. 1918ರ ಮಾರಿಯಲ್ಲಿತ್ತು, 2009ರದ್ದರಲ್ಲಿ ಮೊಟಕಾಗಿತ್ತು. ಏಡ್ಸ್ ವೈರಸ್ಸಿನ ವಿಪಿಆರ್ ಎಂಬ ಪ್ರೊಟೀನಿಗೂ ಇದೇ ಚಾಳಿ. ಪೊರೆ ಕೆಟ್ಟಿದೆಯೇ ಎಂದು ತಿಳಿಯಲು ಪ್ರಯೋಗಶಾಲೆಗಳಲ್ಲಿ ಈಗಲೂ ನೋಡುವುದು ಅದರ ಎರಡು ಬದಿಗಳ ನಡುವಣ ವಿದ್ಯುತ್ ಒತ್ತಡವನ್ನು. ಆರೋಗ್ಯವಂತ ಕೋಶದಲ್ಲಿ ಅದು 150 ಮಿಲಿವೋಲ್ಟಿನ ಆಸುಪಾಸಿನಲ್ಲಿರುತ್ತದೆ.